ಇನ್ನೊಂದು ಬ್ಲೇಡು ಹಾಕಿಸುವ ಮುನ್ನ



ಟೊಮೆಟೊ ಹಂಗಾಮಿನಲ್ಲಿ ಕೋಲಾರದ ಎಪಿಎಂಸಿ ಯಾರ್ಡಿನ ಕಡೆ ಹೋದರೆ ಪಿಕಪ್ ಗಾಡಿಗಳ ಸಾಲು ಕಾಣುತ್ತದೆ. ಮುಂದಿನಿಂದ ನೋಡಿದರೆ ಎಲ್ಲವೂ ಒಂದೇ. ಹಿಂದಿನಿಂದ ನೋಡಿದರೆ ಎರಡು ಜಾತಿ. ಕೆಲವು ಗಾಡಿಗಳು ಲೋಡು ಬಿದ್ದ ಕೂಡಲೇ ಹಿಂಭಾಗ ಕುಸಿದು ಮೂತಿ ಎತ್ತಿಕೊಂಡು ನಿಲ್ಲುತ್ತವೆ. ಇನ್ನು ಕೆಲವು ಅಷ್ಟೇ ಕ್ರೇಟು ಹೊತ್ತರೂ ಖಾಲಿ ಗಾಡಿಯಷ್ಟೇ ನೆಟ್ಟಗೆ. ಈ ಎರಡನೆಯ ಜಾತಿಯವರನ್ನು ವಿಚಾರಿಸಿದರೆ ಉತ್ತರ ಸಿದ್ಧವಾಗಿರುತ್ತದೆ: "ಎರಡು ಬ್ಲೇಡ್ ಎಕ್ಸ್‌ಟ್ರಾ ಹಾಕ್ಸಿದೀನಿ ಸಾರ್, ಎಷ್ಟು ತುಂಬಿದ್ರೂ ಕೂರಲ್ಲ."

ಗಾಡಿ ಕೂರುವುದಿಲ್ಲ, ನಿಜ. ಆದರೆ ಹಾಕಿದ ತೂಕ ಎಲ್ಲಿಗೆ ಹೋಯಿತು? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡೋಣ. ಹಿಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಆಕ್ಸಲ್ ಹೌಸಿಂಗ್ ಇದೆ. ಅದರ ಒಂದೊಂದು ತುದಿಗೂ ಬಾಗಿದ ಉಕ್ಕಿನ ಪಟ್ಟಿಗಳ ಒಂದೊಂದು ಕಟ್ಟು. ಕಮಾನು ಅನ್ನಿ, ಪಾಟಾ ಅನ್ನಿ, ಬ್ಲೇಡ್ ಸೆಟ್ ಅನ್ನಿ. ಎಲ್ಲಕ್ಕಿಂತ ಉದ್ದದ ಪಟ್ಟಿ ಮೇಲೆ ಇರುತ್ತದೆ. ಅದರ ಎರಡೂ ತುದಿಯನ್ನು ಸುರುಳಿ ಸುತ್ತಿ ಕಣ್ಣು ಮಾಡಿರುತ್ತಾರೆ. ಮುಂದಿನ ಕಣ್ಣು ಚಾಸಿಸ್ಸಿಗೆ ಪಿನ್ನಿನಿಂದ ನೇರವಾಗಿ ಸೇರುತ್ತದೆ. ಹಿಂದಿನ ಕಣ್ಣು ಮಾತ್ರ ಶ್ಯಾಕಲ್ ಎಂಬ ತೂಗುಪಟ್ಟಿಯ ಮೂಲಕ ಸೇರುತ್ತದೆ, ಯಾಕೆಂದರೆ ಭಾರ ಬಿದ್ದು ಕಮಾನು ಚಪ್ಪಟೆಯಾದಾಗ ಅದರ ಉದ್ದ ಹೆಚ್ಚುತ್ತದೆ, ಆ ಹೆಚ್ಚಿದ ಉದ್ದಕ್ಕೆ ಜಾಗ ಬೇಕು. ಈ ಉದ್ದ ಪಟ್ಟಿಯ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ ಪಟ್ಟಿಗಳು. ಕಟ್ಟಿನ ನಡುವೆ ತೂರಿ ಹೋದದ್ದು ಸೆಂಟರ್ ಬೋಲ್ಟು, ಕಟ್ಟನ್ನು ಆಕ್ಸಲ್ಲಿಗೆ ಬಿಗಿದದ್ದು ಯೂ ಬೋಲ್ಟುಗಳು. ಮೈಸೂರಿನ ಟಾಂಗಾದ ಕೆಳಗೆ ನೋಡಿದರೂ ಇದೇ ಸಾಮಾನು. ಕುದುರೆ ಹೋಗಿ ಇಂಜಿನ್ನು ಬಂದರೂ ಹಿಂದಿನ ಕಮಾನು ಬದಲಾಗಿಲ್ಲ. ಅಗ್ಗ, ಗಟ್ಟಿ, ಯಾವ ಊರಿನ ಗ್ಯಾರೇಜಿನಲ್ಲೂ ಬಿಚ್ಚಿ ಕಟ್ಟಬಹುದು. ಪಟ್ಟಿಗಳು ಒಂದರ ಮೇಲೊಂದು ಉಜ್ಜುವುದರಿಂದ ಕುಲುಕಾಟವೂ ಒಂದಿಷ್ಟು ತಾನಾಗಿಯೇ ಇಳಿಯುತ್ತದೆ.

2005ರಲ್ಲಿ ಟಾಟಾ ಏಸ್ ಬಂದ ಮೇಲೆ ನಮ್ಮಲ್ಲಿ ಸಣ್ಣ ಸರಕು ಗಾಡಿಗಳ ಕಾಲವೇ ಶುರುವಾಯಿತು. ಜನ ಅದನ್ನು ಛೋಟಾ ಹಾಥಿ ಎಂದು ಕರೆದರು. ಹೆಸರಿನಲ್ಲಿ ಆನೆ ಇದ್ದ ಮಾತ್ರಕ್ಕೆ ಆನೆಯ ಹೊರೆ ಹೊರಿಸಬಹುದು ಅಂತಲ್ಲ. ಅದರ ಲೆಕ್ಕ ಮುಕ್ಕಾಲು ಟನ್ನು. ಅದರ ಮೇಲಿನ ದರ್ಜೆಯ ಪಿಕಪ್ಪುಗಳದು 1.3 ಟನ್ನು, 1.7 ಟನ್ನು ಹೀಗೆ. ಕೋಲಾರದ ಟೊಮೆಟೊ ಬಾಕ್ಸಿನ ಲೆಕ್ಕ 15 ಕೆಜಿ. ನೂರು ಬಾಕ್ಸು ಹೇರಿದರೆ ಹಣ್ಣೇ 1500 ಕೆಜಿ, ಪ್ಲಾಸ್ಟಿಕ್ ಕ್ರೇಟುಗಳ ತೂಕ ಅದರ ಮೇಲೆ. 1.3 ಟನ್ನಿನ ಗಾಡಿಗೆ ನೂರು ಬಾಕ್ಸು ಅಂದರೆ ಆಗಲೇ ಗೆರೆ ದಾಟಿ ಆಯಿತು. ಬಾಡಿಗೆ ಕೊಡುವವರು ಬಾಕ್ಸಿನ ಲೆಕ್ಕದಲ್ಲಿ ಕೊಡುತ್ತಾರೆ, ಡೀಸೆಲ್ಲು ಟ್ರಿಪ್ಪಿನ ಲೆಕ್ಕದಲ್ಲಿ ಸುಡುತ್ತದೆ. ಹೆಚ್ಚು ಹೇರುವ ಆಸೆ ಎಲ್ಲಿಂದ ಬರುತ್ತದೆ ಎಂದು ಕೇಳಬೇಕಾಗಿಲ್ಲ. ಸಾಲದ ಕಂತು ಕಟ್ಟುವವನ ಮುಂದೆ ನಿಂತು ಉಪದೇಶ ಮಾಡುವುದು ಸುಲಭ, ಅದನ್ನು ಮಾಡಲು ನಾನು ಬಂದಿಲ್ಲ. ಕಮಾನಿನ ಲೆಕ್ಕ ಹೇಳುತ್ತೇನೆ, ಉಳಿದದ್ದು ನಿಮ್ಮದು.

ಐದು ಪಟ್ಟಿಗಳ ಕಟ್ಟಿಗೆ ಅದೇ ಅಳತೆಯ ಆರನೆಯದೊಂದನ್ನು ಸೇರಿಸಿದರೆ ಬಿಗಿತ ಸುಮಾರು ಐದರಲ್ಲಿ ಒಂದು ಪಾಲು ಹೆಚ್ಚುತ್ತದೆ. ಇದು ಸರಳ. ಆದರೆ ದಪ್ಪದ ಲೆಕ್ಕ ಬೇರೆ. ಪಟ್ಟಿಯ ಬಿಗಿತ ಅದರ ದಪ್ಪದ ಘನದಷ್ಟು ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. 6 ಮಿಲಿಮೀಟರಿನ ಪಟ್ಟಿಗಳ ನಡುವೆ 8 ಮಿಲಿಮೀಟರಿನದೊಂದನ್ನು ತುರುಕಿದರೆ, ಆ ಒಂದೇ ಪಟ್ಟಿ ಎರಡಕ್ಕೂ ಹೆಚ್ಚು ಪಟ್ಟಿಗಳ ಕೆಲಸ ಮಾಡುತ್ತದೆ. ಗುಜರಿಯಿಂದ ದೊಡ್ಡ ಲಾರಿಯ ಹಳೆಯ ಬ್ಲೇಡು ತಂದು ಕತ್ತರಿಸಿ ಕೂರಿಸುವವರಿಗೆ ಇದು ಲಾಭವಾಗಿ ಕಾಣುತ್ತದೆ. ಹಾನಿ ಇರುವುದೂ ಅಲ್ಲೇ. ಒಂದೇ ಬಾಗಿಗೆ ಬಗ್ಗಿಸಿದಾಗ ದಪ್ಪ ಪಟ್ಟಿಯ ಮೈಮೇಲೆ ಬೀಳುವ ಸೆಳೆತ ತೆಳು ಪಟ್ಟಿಗಿಂತ ಹೆಚ್ಚು. ಬಲವಂತ ಅಂತ ಕರೆತಂದದ್ದೇ ಮೊದಲು ಮುರಿಯುತ್ತದೆ. ಅದು ಮುರಿದ ದಿನ ಅದರ ಪಾಲಿನ ಭಾರವೆಲ್ಲ ಒಮ್ಮೆಲೇ ಹಳೆಯ ಪಟ್ಟಿಗಳ ಮೇಲೆ.

ಇನ್ನೂ ಒಂದು ಸೂಕ್ಷ್ಮ ಇದೆ. ಕಾರ್ಖಾನೆಯಿಂದ ಬಂದ ಕಟ್ಟನ್ನು ಬಿಚ್ಚಿ ಪಟ್ಟಿಗಳನ್ನು ಬಿಡಿಬಿಡಿಯಾಗಿ ನೆಲದ ಮೇಲಿಟ್ಟು ನೋಡಿ. ಎಲ್ಲದರ ಬಾಗು ಒಂದೇ ಇರುವುದಿಲ್ಲ. ಗಿಡ್ಡದಕ್ಕೆ ಬಾಗು ಹೆಚ್ಚು, ಉದ್ದದಕ್ಕೆ ಕಡಿಮೆ. ಬೋಲ್ಟು ಬಿಗಿದಾಗ ಗಿಡ್ಡ ಪಟ್ಟಿಗಳು ಉದ್ದ ಪಟ್ಟಿಯನ್ನು ಮೇಲಕ್ಕೆ ಒತ್ತಿ ಹಿಡಿಯುತ್ತವೆ. ಕಣ್ಣಿರುವ ಪಟ್ಟಿ ಬರೀ ಭಾರ ಹೊರುವುದಲ್ಲ, ಬ್ರೇಕು ಹಾಕಿದಾಗ ಆಕ್ಸಲ್ಲನ್ನು ಹಿಡಿದು ನಿಲ್ಲಿಸುವುದೂ ಅದೇ. ಹಾಗಾಗಿ ಅದಕ್ಕೆ ಭಾರದ ಪಾಲು ಸ್ವಲ್ಪ ಕಡಿಮೆ ಬರಲಿ ಎಂದು ಎಂಜಿನಿಯರು ಮಾಡಿದ ವ್ಯವಸ್ಥೆ ಇದು. ಬಾಗು ಹೊಂದದ ಪಟ್ಟಿ ನಡುವೆ ಬಂದು ಕೂತರೆ ಈ ಹೊಂದಾಣಿಕೆ ಕೆಡುತ್ತದೆ. ಕಟ್ಟಿನ ನಡುವೆ ಬೆಳಕು ಕಾಣುವಷ್ಟು ಸಂದು ಬಿಟ್ಟಿದ್ದರೆ, ಅಥವಾ ಹೊಸ ಪಟ್ಟಿಯ ಅಗಲ ಉಳಿದವುಗಳಿಗಿಂತ ಬೇರೆ ಇದ್ದರೆ, ಆ ಕೆಲಸವನ್ನು ಒಪ್ಪಿಕೊಳ್ಳಬೇಡಿ.

ಪಟ್ಟಿಯ ಉಕ್ಕೂ ಸಾಮಾನ್ಯ ಕಬ್ಬಿಣವಲ್ಲ. ಸಿಲಿಕಾನ್, ಮ್ಯಾಂಗನೀಸ್ ಬೆರೆತ ಸ್ಪ್ರಿಂಗ್ ಉಕ್ಕು. ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಅಳತೆಯ ಶಾಖದಲ್ಲಿ ಹದ ಮಾಡಿರುತ್ತಾರೆ. ಆ ಹದ ಇದ್ದರೆ ಮಾತ್ರ ಬಾಗಿದ್ದು ಹಿಂದಕ್ಕೆ ಬರುತ್ತದೆ. ಗ್ಯಾಸ್ ಕಟರಿನಲ್ಲಿ ಕತ್ತರಿಸಿದ ಕಡೆ, ವೆಲ್ಡಿಂಗ್ ತಾಗಿಸಿದ ಕಡೆ ಹದ ಹೋಯಿತು. ಮುರಿದ ಬ್ಲೇಡಿಗೆ ವೆಲ್ಡಿಂಗ್ ಮಾಡಿಸಿ ಓಡಿಸುವವರಿದ್ದಾರೆ. ದಯವಿಟ್ಟು ಬೇಡ. ಕೂತುಹೋದ ಪಟ್ಟಿಯನ್ನು ಸುತ್ತಿಗೆಯಲ್ಲಿ ಬಡಿದು ಕಮಾನು ಎತ್ತಿಸುವುದೂ ಹಾಗೆಯೇ. ಎತ್ತಿದ ದಿನ ಚೆಂದ ಕಾಣುತ್ತದೆ, ಲೋಡು ಬೀಳತೊಡಗಿದ ಮೇಲೆ ಮತ್ತೆ ಹಳೆಯ ಜಾಗಕ್ಕೇ ಬಂದು ಕೂರುತ್ತದೆ.

ಸರಿ, ಒಳ್ಳೆಯ ಪಟ್ಟಿಯನ್ನೇ ಹೊಂದಿಸಿ ಹಾಕಿಸಿದಿರಿ ಎಂದುಕೊಳ್ಳೋಣ. ಹೋಗುವಾಗ ಲೋಡು ಇರುತ್ತದೆ, ಬರುವಾಗ ಗಾಡಿ ಖಾಲಿ. ಖಾಲಿ ಗಾಡಿಗೆ ಗಟ್ಟಿ ಕಮಾನು ಏನು ಮಾಡುತ್ತದೆ? ಭಾರಕ್ಕೆ ಕಮಾನು ಎಷ್ಟು ಸೆಂಟಿಮೀಟರ್ ತಗ್ಗುತ್ತದೆ ಎಂಬುದರ ಮೇಲೆ ಗಾಡಿಯ ಕುಣಿತದ ವೇಗ ನಿಂತಿದೆ. 25 ಸೆಂಟಿಮೀಟರ್ ತಗ್ಗುವ ಕಮಾನಿನ ಮೇಲೆ ಗಾಡಿ ಸೆಕೆಂಡಿಗೆ ಒಂದು ಸಲ ಏರಿಳಿಯುತ್ತದೆ. ಆರೂಕಾಲು ಸೆಂಟಿಮೀಟರ್ ತಗ್ಗಿದರೆ ಎರಡು ಸಲ. ಎರಡೂಮುಕ್ಕಾಲು ಸೆಂಟಿಮೀಟರಿಗಿಂತ ಕಡಿಮೆ ತಗ್ಗಿದರೆ ಸೆಕೆಂಡಿಗೆ ಮೂರರ ಆಚೆ. ಮನುಷ್ಯನ ಬೆನ್ನುಮೂಳೆಗೆ ಅತಿ ಹೆಚ್ಚು ತಾಗುವ ಕುಲುಕಾಟ ಸೆಕೆಂಡಿಗೆ ನಾಲ್ಕರಿಂದ ಎಂಟರ ನಡುವಿನದು. ಬ್ಲೇಡು ಏರಿಸಿದಷ್ಟೂ ಖಾಲಿ ಗಾಡಿ ಆ ಕಡೆಗೇ ಸರಿಯುತ್ತದೆ. ಡ್ರೈವರಿಗೆ ಸೊಂಟನೋವು ಬಂದರೆ ರಸ್ತೆಯನ್ನು ಬೈಯುತ್ತಾರೆ, ಸೀಟನ್ನು ಬೈಯುತ್ತಾರೆ. ಹಿಂದಿನ ಕಮಾನನ್ನು ಯಾರೂ ಬೈಯುವುದಿಲ್ಲ.

ಶಾಕ್ ಅಬ್ಸಾರ್ಬರ್ ಕೂಡ ಹಳೆಯ ಕಮಾನಿಗೆ ಹೊಂದಿಸಿ ಮಾಡಿದ್ದು. ಕಮಾನು ಗಟ್ಟಿಯಾಯಿತು, ಅದು ಅಷ್ಟೇ ಉಳಿಯಿತು. ಹಂಪಿನ ಮೇಲೆ ಹಾರಿದ ಹಿಂಭಾಗವನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕೆ ಸಾಲುವುದಿಲ್ಲ. ಇನ್ನು ಟೊಮೆಟೊ. ಹಿಂದಿನ ಆಕ್ಸಲ್ಲಿನ ಮೇಲೆ, ಅದರಲ್ಲೂ ಸಾಲಿನ ಮೇಲ್ತುದಿಯ ಕ್ರೇಟಿನಲ್ಲಿರುವ ಹಣ್ಣಿಗೆ ಕುಲುಕಾಟ ಅತಿ ಹೆಚ್ಚು. ನಾಲ್ಕು ಬಾಕ್ಸು ಹೆಚ್ಚು ಹೇರಿ ಗಳಿಸಿದ್ದು ಮೇಲಿನ ಬಾಕ್ಸುಗಳ ಗಾಯದ ಹಣ್ಣಿನಲ್ಲಿ ಹೋಗುವ ಸಾಧ್ಯತೆ ಇಲ್ಲದಿಲ್ಲ.

ಈಗ ಮೊದಲಿನ ಪ್ರಶ್ನೆ. ತೂಕ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಕಮಾನು ತೂಕವನ್ನು ಇಟ್ಟುಕೊಳ್ಳುವುದಿಲ್ಲ, ಮೇಲಿನಿಂದ ಪಡೆದು ಕೆಳಕ್ಕೆ ದಾಟಿಸುತ್ತದೆ. ಕೆಳಗಿರುವವರು ಯಾರು? ಹೌಸಿಂಗು, ಬೇರಿಂಗು, ರಿಮ್ಮು, ಟೈರು. ಇವರಲ್ಲಿ ಯಾರಿಗೂ ನೀವು ಎಕ್ಸ್‌ಟ್ರಾ ಬ್ಲೇಡು ಹಾಕಿಸಿಲ್ಲ.

ಟೈರಿನ ಪಕ್ಕದ ಮೈಮೇಲೆ ಅಳತೆಯ ನಂತರ ಒಂದು ಸಂಖ್ಯೆ ಒತ್ತಿರುತ್ತಾರೆ. ಅದು ಲೋಡ್ ಇಂಡೆಕ್ಸು. 100 ಇದ್ದರೆ ಆ ಟೈರು 800 ಕೆಜಿ ಹೊರುತ್ತದೆ. 104ಕ್ಕೆ 900, 108ಕ್ಕೆ 1000, 112ಕ್ಕೆ 1120. ಹಿಂದೆ ಎರಡೇ ಚಕ್ರ, ಎರಡೂ 108ರವು ಎಂದಾದರೆ ಹಿಂದಿನ ಆಕ್ಸಲ್ಲಿನ ಮೇಲೆ, ಗಾಡಿಯ ಸ್ವಂತ ತೂಕವೂ ಸೇರಿ, ಎರಡು ಟನ್ನಿಗೆ ಮುಗಿಯಿತು. ಅದೂ ಗಾಳಿ ಪೂರ್ತಿ ಇದ್ದಾಗ. ಏಪ್ರಿಲ್ ಬಿಸಿಲಿನಲ್ಲಿ, ಗಾಳಿ ಕಡಿಮೆ ಇರುವ ಹೆಚ್ಚು ಹೊರೆಯ ಟೈರು ಒಳಗೊಳಗೇ ಕಾಯುತ್ತದೆ, ಕಾದು ಸಿಡಿಯುತ್ತದೆ. ಬೇರಿಂಗಿನ ಆಯುಸ್ಸಿಗೂ ಒಂದು ಲೆಕ್ಕ ಇದೆ. ಭಾರದ ಘನದಷ್ಟು ಆಯುಸ್ಸು ಇಳಿಯುತ್ತದೆ. ಕಾಲುಭಾಗ ಭಾರ ಹೆಚ್ಚಿಸಿದರೆ ಬೇರಿಂಗಿನ ಬಾಳಿಕೆ ಹೆಚ್ಚುಕಡಿಮೆ ಅರ್ಧ. ಗಾಡಿ ಮೊದಲು ಹಿಂಭಾಗ ಕೂರಿಸಿ "ಸಾಕು" ಎಂದು ಹೇಳುತ್ತಿತ್ತು. ಬ್ಲೇಡು ಹಾಕಿಸಿ ಆ ಬಾಯಿ ಮುಚ್ಚಿಸಿದ ಮೇಲೆ ಅದು ಬೇರಿಂಗಿನ ಸದ್ದಿನಲ್ಲೋ ಟೈರಿನ ಸಿಡಿತದಲ್ಲೋ ಹೇಳಬೇಕಾಗುತ್ತದೆ.

ಇಷ್ಟರ ನಡುವೆ ಹೆಚ್ಚಿನವರಿಗೆ ಗೊತ್ತಿಲ್ಲದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಬ್ರೇಕಿನದು. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅನೇಕ ಪಿಕಪ್ಪುಗಳ ಹಿಂದಿನ ಆಕ್ಸಲ್ಲಿನಿಂದ ಚಾಸಿಸ್ಸಿನ ಕಡೆಗೆ ಒಂದು ಸಣ್ಣ ಕಡ್ಡಿಯೋ ತಂತಿಸುರುಳಿಯೋ ಹೋಗಿರುತ್ತದೆ. ಅದರ ಮೇಲಿನ ತುದಿಯಲ್ಲಿ ಒಂದು ವಾಲ್ವು, ಅದರೊಳಗೆ ಬ್ರೇಕ್ ಆಯಿಲಿನ ಪೈಪು. ಈ ವಾಲ್ವಿನ ಕೆಲಸ ಹೊರೆ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವುದು. ಖಾಲಿ ಗಾಡಿಯಲ್ಲಿ ಹಿಂಭಾಗ ಹಗುರ. ಆಗ ಹಿಂದಿನ ಚಕ್ರಕ್ಕೆ ಪೂರ್ತಿ ಬ್ರೇಕು ಕೊಟ್ಟರೆ ಚಕ್ರ ಜಾಮ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಹಾಗಾಗಿ ವಾಲ್ವು ಒತ್ತಡವನ್ನು ತಡೆದು ಕಡಿಮೆ ಕೊಡುತ್ತದೆ. ಲೋಡು ಬಿದ್ದಾಗ ಚಾಸಿಸ್ಸು ತಗ್ಗುತ್ತದೆ, ಆಕ್ಸಲ್ಲಿಗೆ ಹತ್ತಿರವಾಗುತ್ತದೆ, ಕಡ್ಡಿ ತಳ್ಳುತ್ತದೆ, ವಾಲ್ವು ತೆರೆದುಕೊಂಡು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ.

ವಾಲ್ವಿಗೆ ತೂಕ ಗೊತ್ತಿಲ್ಲ, ಎತ್ತರ ಮಾತ್ರ ಗೊತ್ತು. ನೀವು ಬ್ಲೇಡು ಏರಿಸಿದಿರಿ, ಗಾಡಿ ತಗ್ಗಲಿಲ್ಲ. ವಾಲ್ವಿನ ಮಟ್ಟಿಗೆ ಅದು ಇನ್ನೂ ಖಾಲಿ ಗಾಡಿ. ಒಂದೂವರೆ ಟನ್ನು ಹೊತ್ತ ಗಾಡಿಯ ಹಿಂದಿನ ಬ್ರೇಕಿಗೆ ಖಾಲಿ ಗಾಡಿಯ ಒತ್ತಡ ಹೋಗುತ್ತಿದೆ. ನಿಲ್ಲಿಸುವ ಕೆಲಸವೆಲ್ಲ ಮುಂದಿನ ಬ್ರೇಕಿನ ಮೇಲೆ. ಸಮತಟ್ಟು ರಸ್ತೆಯಲ್ಲಿ ಇದು ಗೊತ್ತಾಗದೆ ಹೋಗಬಹುದು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವ ತರಕಾರಿ ಗಾಡಿಗೆ ಗೊತ್ತಾಗುತ್ತದೆ. ತಿರುವು ತಿರುವಿಗೂ ಮುಂದಿನ ಡಿಸ್ಕು ಕಾಯುತ್ತ ಹೋಗಿ, ಕೆಳಗೆ ಬರುವ ಹೊತ್ತಿಗೆ ಪೆಡಲ್ ಒತ್ತಿದಷ್ಟು ಗಾಡಿ ಹಿಡಿಯುವುದಿಲ್ಲ. ಬ್ರೇಕು ಫೇಲು ಎನ್ನುತ್ತಾರೆ. ಬ್ರೇಕು ಸರಿಯಾಗಿಯೇ ಇತ್ತು, ಅದಕ್ಕೆ ಹೋಗುತ್ತಿದ್ದ ಸುದ್ದಿ ತಪ್ಪಾಗಿತ್ತು.

ಹಾಗೆಂದು ಆ ಕಡ್ಡಿಗೆ ತಂತಿ ಬಿಗಿದು ವಾಲ್ವನ್ನು ಸದಾ ತೆರೆದಿಡುವ ಜಾಣತನವೂ ಬೇಡ. ಮಳೆಯಲ್ಲಿ ಖಾಲಿ ಬರುವಾಗ ಅದೇ ಗಾಡಿ ಹಿಂದುಮುಂದಾಗಿ ನಿಲ್ಲುತ್ತದೆ. ಹಿಂದಿನ ಕಮಾನಿಗೆ ಯಾವುದೇ ಬದಲಾವಣೆ ಮಾಡಿಸಿದರೂ ಈ ವಾಲ್ವನ್ನು ಕಂಪನಿ ಕೊಟ್ಟ ಅಳತೆಗೆ ಮತ್ತೆ ಹೊಂದಿಸಬೇಕು. ಗ್ಯಾರೇಜಿನವರಿಗೆ ಬ್ಲೇಡಿನ ಮಾತು ಎತ್ತಿದಾಗಲೇ ಇದನ್ನೂ ಕೇಳಿ. ಅವರು ಯಾವ ವಾಲ್ವು ಎಂದು ಮುಖ ನೋಡಿದರೆ ಇನ್ನೊಂದು ಗ್ಯಾರೇಜು ಹುಡುಕಿ.

ಕಾನೂನಿನ ಮಾತು ಚುಟುಕಾಗಿ. ಬ್ಲೇಡು ಏರಿಸಿದ್ದರಿಂದ ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಒಂದು ಕೆಜಿಯೂ ಏರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಿತಿ ಮೀರಿದ ಹೊರೆಗೆ ದಂಡ 20,000 ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಇನ್ನೂ 2,000, ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿಮ್ಮದೇ. ಗಾಡಿ ನೆಟ್ಟಗೆ ನಿಂತಿದೆ ಎಂದು ತೂಕದ ಯಂತ್ರ ಮೋಸ ಹೋಗುವುದಿಲ್ಲ.

ಹಾಗಾದರೆ ಹಿಂದಿನ ಸಸ್ಪೆನ್ಷನ್ ಮುಟ್ಟಲೇಬಾರದೇ? ಮುಟ್ಟಬಹುದು, ಕೆಲವೊಮ್ಮೆ ಮುಟ್ಟಲೇಬೇಕು. ಆರ್‌ಸಿಯ ತೂಕದೊಳಗೇ ಇದ್ದರೂ ಹೊರೆ ಸದಾ ಮೇಲಿರುವ ಗಾಡಿಗಳಿವೆ. ನೀರಿನ ಟ್ಯಾಂಕು ಕೂರಿಸಿದವು, ಮಲ್ಪೆಯಿಂದ ಐಸು ಮೀನು ತರುವವು, ಅಡುಗೆ ಸಾಮಾನೆಲ್ಲ ಹೊತ್ತ ಮೊಬೈಲ್ ಕ್ಯಾಂಟೀನುಗಳು. ಇವಕ್ಕೆ ಖಾಲಿ ಎನ್ನುವ ಸ್ಥಿತಿಯೇ ಇಲ್ಲ. ನೀರು ತಿರುವಿನಲ್ಲಿ ಒಂದು ಕಡೆ ಹೊಯ್ದಾಡುತ್ತದೆ, ಕ್ಯಾಂಟೀನಿನ ಭಾರ ಎತ್ತರದಲ್ಲಿರುತ್ತದೆ. ಅಲ್ಲಿ ಹಿಂಭಾಗ ಗಟ್ಟಿ ಮಾಡಿಸುವುದಕ್ಕೆ ಅರ್ಥ ಇದೆ.

ಆದರೂ ಮೊದಲು ನೋಡಬೇಕಾದ್ದು ಇರುವ ಕಮಾನು ಹೇಗಿದೆ ಎಂದು. ಗಾಡಿ ಕೂರುತ್ತಿದೆ ಎಂದು ಬಂದವರಲ್ಲಿ ಬಹಳ ಮಂದಿಗೆ ಬೇಕಾದದ್ದು ಹೆಚ್ಚಿನ ಬ್ಲೇಡಲ್ಲ, ಹೊಸ ಸೆಟ್ಟು. ದಣಿದ ಹಳೆಯ ಪಟ್ಟಿಗಳ ನಡುವೆ ಒಂದು ಹೊಸ ಪಟ್ಟಿ ತುರುಕಿದರೆ ದುಡಿಯುವುದೆಲ್ಲ ಹೊಸದೇ. ಸೆಟ್ಟು ಬದಲಿಸುವಾಗ ಯೂ ಬೋಲ್ಟನ್ನೂ ಶ್ಯಾಕಲ್ ಬುಷ್ಷನ್ನೂ ಹೊಸದೇ ಹಾಕಿಸಿ. ಎರಡೂ ಬದಿಗೆ ಒಟ್ಟಿಗೇ ಮಾಡಿಸಿ. ಲೋಡು ಹೊತ್ತು ಸ್ವಲ್ಪ ಓಡಿದ ಮೇಲೆ ಯೂ ಬೋಲ್ಟನ್ನು ಇನ್ನೊಮ್ಮೆ ಬಿಗಿಸುವುದು ಮರೆಯಬಾರದು. ಅದು ಸಡಿಲವಾದರೆ ಆಕ್ಸಲ್ಲನ್ನು ಹಿಡಿದಿಡುವ ಕೆಲಸವೆಲ್ಲ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ, ಅದು ತುಂಡಾಗುತ್ತದೆ, ಆಕ್ಸಲ್ಲು ಓರೆಯಾಗಿ ಗಾಡಿ ಏಡಿಯಂತೆ ಓಡುತ್ತದೆ.

ಇನ್ನೂ ಬೇಕು ಎಂದರೆ ಹೆಲ್ಪರ್ ಒಳ್ಳೆಯದು. ಮುಖ್ಯ ಕಟ್ಟಿನ ಮೇಲೆ ಸ್ವಲ್ಪ ಸಂದು ಬಿಟ್ಟು ಕೂರಿಸುವ ಇನ್ನೊಂದು ಕಮಾನು ಅದು. ಖಾಲಿ ಇದ್ದಾಗ ಸುಮ್ಮನಿರುತ್ತದೆ, ಹೊರೆ ಬಿದ್ದು ಚಾಸಿಸ್ಸು ತಗ್ಗಿದಾಗ ತಾಗಿಕೊಂಡು ಭುಜ ಕೊಡುತ್ತದೆ. ಬರುವಾಗಿನ ಕುಲುಕಾಟವೂ ಇಲ್ಲ. ಕೆಲವು ಗಾಡಿಗಳಿಗೆ ಕಂಪನಿಯಿಂದಲೇ ಬಂದಿರುತ್ತದೆ.

ಆಕ್ಸಲ್ಲಿಗೂ ಚಾಸಿಸ್ಸಿಗೂ ನಡುವೆ ಕೂರಿಸುವ ರಬ್ಬರಿನ ಗಾಳಿಚೀಲಗಳೂ ಈಗ ಸಿಗುತ್ತವೆ. ಲೋಡು ಇದ್ದಾಗ ಗಾಳಿ ತುಂಬಿಸು, ಇಲ್ಲದಾಗ ಇಳಿಸು. ಕೇಳಲು ಸೊಗಸು, ಕೆಲಸವೂ ಸೊಗಸೇ. ಒಂದು ಎಚ್ಚರ: ಎರಡೂ ಚೀಲಕ್ಕೆ ಒಂದೇ ಕೊಳವೆ ಹಾಕಿ ಜೋಡಿಸಿದರೆ ತಿರುವಿನಲ್ಲಿ ಒತ್ತಿದ ಬದಿಯ ಗಾಳಿ ಇನ್ನೊಂದು ಬದಿಗೆ ಓಡುತ್ತದೆ, ವಾಲುತ್ತಿರುವ ಗಾಡಿ ಇನ್ನಷ್ಟು ವಾಲುತ್ತದೆ. ಒಂದೊಂದಕ್ಕೂ ಬೇರೆ ಕೊಳವೆ ಇರಲಿ. ಇಲ್ಲೂ ವಾಲ್ವಿನ ಕಥೆ ಅದೇ, ಎತ್ತರ ಬದಲಾಯಿತು ಅಂದರೆ ಬ್ರೇಕು ನೋಡಿಸಬೇಕು.

ಎಳೆಯುವ ಕೆಲಸದ ಬಗ್ಗೆಯೂ ಎರಡು ಮಾತು. ಅಮೆರಿಕದಲ್ಲಿ ಪಿಕಪ್ ಎಂದರೆ ಹಿಂದೆ ದೋಣಿಯನ್ನೋ ಮನೆಗಾಡಿಯನ್ನೋ ಕಟ್ಟಿ ಎಳೆಯುವುದು ದಿನದ ಮಾತು. ಅಲ್ಲಿ ಟ್ರೇಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಬರುವಂತೆ ಹೇರಬೇಕು ಎಂದು ಹೇಳಿಕೊಡುತ್ತಾರೆ. ಕಡಿಮೆಯಾದರೆ ಟ್ರೇಲರು ಬಾಲದಂತೆ ಅಲ್ಲಾಡುತ್ತದೆ. ನಮ್ಮಲ್ಲಿ ಕಾಂಕ್ರೀಟ್ ಮಿಕ್ಸರನ್ನೋ ಕಂಪ್ರೆಸರನ್ನೋ ಎಳೆದುಕೊಂಡು ಹೋಗುವುದುಂಟು. ಕೊಂಡಿ ಇರುವುದು ಹಿಂದಿನ ಆಕ್ಸಲ್ಲಿನ ಆಚೆ ಎಂಬುದನ್ನು ಮರೆಯಬಾರದು. ಎರಡು ಆಕ್ಸಲ್ಲುಗಳ ನಡುವೆ 3 ಮೀಟರ್, ಕೊಂಡಿ ಹಿಂದಿನ ಆಕ್ಸಲ್ಲಿನಿಂದ 1.2 ಮೀಟರ್ ಹಿಂದೆ ಎಂದುಕೊಳ್ಳಿ. ಕೊಂಡಿಯ ಮೇಲೆ 100 ಕೆಜಿ ಬಿದ್ದರೆ ಹಿಂದಿನ ಆಕ್ಸಲ್ಲಿಗೆ 140 ಕೆಜಿ ಏರುತ್ತದೆ, ಮುಂದಿನದರಿಂದ 40 ಕೆಜಿ ಕಳೆಯುತ್ತದೆ. ಬಿದಿರು, ಕಬ್ಬಿಣದ ಸರಳುಗಳು ಹಿಂದಕ್ಕೆ ಚಾಚಿಕೊಂಡಾಗಲೂ ಇದೇ ಲೆಕ್ಕ. ಸ್ಟೇರಿಂಗ್ ಹಗುರಾಗುತ್ತದೆ, ಹೆಡ್‌ಲೈಟು ಎದುರು ಬರುವವನ ಕಣ್ಣಿಗೆ ಬೀಳುತ್ತದೆ.

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತದೆ, ಮುಂಭಾರವಾದರೆ ಹೆಗಲು ಜಜ್ಜುತ್ತದೆ ಎಂದು ಅವರು ಮೂಟೆಯನ್ನು ಹಿಂದೆ ಮುಂದೆ ಸರಿಸಿ ನೋಡಿಯೇ ಗಾಡಿ ಬಿಡುತ್ತಿದ್ದರು. ಪಿಕಪ್ಪಿನಲ್ಲೂ ಭಾರದ ಮಾಲನ್ನು ಕ್ಯಾಬಿನ್ ಕಡೆ ಒತ್ತಿ ಹೇರಿ ನೋಡಿ. ಬ್ಲೇಡು ಬೇಕೆಂದು ಬಂದವರಲ್ಲಿ ಕೆಲವರಿಗೆ ಬ್ಲೇಡೇ ಬೇಡವಾಗಬಹುದು, ಅದಕ್ಕೆ ಖರ್ಚೂ ಇಲ್ಲ.

ಏನು ಮಾಡಿಸುವುದಾದರೂ ಮೊದಲು ವೇ ಬ್ರಿಡ್ಜಿಗೆ ಹೋಗಿ. ನೀವು ದಿನಾ ಹೇರುವಷ್ಟೇ ಹೇರಿ. ಮುಂದಿನ ಚಕ್ರ ಮಾತ್ರ ತಕ್ಕಡಿಯ ಮೇಲೆ ನಿಲ್ಲಿಸಿ ಒಂದು ತೂಕ, ಪೂರ್ತಿ ಗಾಡಿ ಹತ್ತಿಸಿ ಇನ್ನೊಂದು ತೂಕ. ಒಂದರಲ್ಲಿ ಇನ್ನೊಂದು ಕಳೆದರೆ ಹಿಂದಿನ ಆಕ್ಸಲ್ಲಿನ ಪಾಲು ಸಿಗುತ್ತದೆ. ಪೂರ್ತಿ ತೂಕವನ್ನು ಆರ್‌ಸಿಯ ಪಕ್ಕ ಇಟ್ಟು ನೋಡಿ, ಹಿಂದಿನ ಪಾಲನ್ನು ಟೈರಿನ ಮೇಲಿನ ಸಂಖ್ಯೆಯ ಪಕ್ಕ ಇಟ್ಟು ನೋಡಿ. ಎರಡೂ ಮಿತಿಯೊಳಗೆ ಇದ್ದು, ಆದರೂ ಗಾಡಿ ಕೂರುತ್ತಿದ್ದರೆ ಆ ಚೀಟಿ ಹಿಡಿದುಕೊಂಡೇ ಗ್ಯಾರೇಜಿಗೆ ಹೋಗಿ. ಮಿತಿ ಮೀರಿದ್ದರೆ ಗ್ಯಾರೇಜಿನಲ್ಲಿ ನಿಮಗೆ ಕೆಲಸವಿಲ್ಲ, ಮಂಡಿಯಲ್ಲಿ ಬಾಕ್ಸು ಇಳಿಸುವ ಕೆಲಸ ಇದೆ.